ನೇಟಿವ್ ಸ್ಪೀಕರ್ ಬರ್ತಿದ್ದಾರೆ, ಎದ್ದು ನಿಲ್ಲಿ

ಸ್ಪೋಕನ್ ಇಂಗ್ಲಿಷ್ ಪುಸ್ತಕಗಳಲ್ಲಿ ರವಿ, ರಾಜು ಅಂತ ಇಬ್ಬರು ಗೆಳೆಯರು ವಾಸವಾಗಿದ್ದಾರೆ. ಬಸ್ ಸ್ಟ್ಯಾಂಡು, ಪೋಸ್ಟಾಫೀಸು, ಬ್ಯಾಂಕು, ಆಸ್ಪತ್ರೆ, ಎಲ್ಲಿ ಹೋದರೂ ಒಬ್ಬರಿಗೊಬ್ಬರು ಸಿಗುತ್ತಲೇ ಇರುತ್ತಾರೆ. ಇಬ್ಬರಿಗೂ ಬೇರೆ ಕೆಲಸ ಇದ್ದಂತಿಲ್ಲ. ಸಿಕ್ಕ ಕೂಡಲೇ ರವಿ 'ಗುಡ್ ಮಾರ್ನಿಂಗ್ ರಾಜು, ಹೌ ಆರ್ ಯು?' ಅನ್ನುತ್ತಾನೆ. 'ಐ ಯಾಮ್ ಫೈನ್, ಥ್ಯಾಂಕ್ ಯು' ಅಂತ ರಾಜು. 'ವೇರ್ ಆರ್ ಯು ಗೋಯಿಂಗ್?' 'ಐ ಯಾಮ್ ಗೋಯಿಂಗ್ ಟು ದ ಮಾರ್ಕೆಟ್ ಟು ಬೈ ಸಮ್ ವೆಜಿಟಬಲ್ಸ್.' ತರಕಾರಿಗಲ್ಲದೆ ಮಾರ್ಕೆಟ್ಟಿಗೆ ಕ್ಷೌರಕ್ಕೆ ಹೋಗ್ತಾರೇನೋ ಅಂತ ರವಿ ಕೇಳುವುದಿಲ್ಲ. 'ದಟ್ ಈಸ್ ವೆರಿ ಗುಡ್' ಅಂತ ಮೆಚ್ಚಿಕೊಂಡು, ಟೈಮೆಷ್ಟು ಅಂತ ವಿಚಾರಿಸಿ, ಥ್ಯಾಂಕ್ಸ್ ಹೇಳಿ ಹೊರಟುಬಿಡುತ್ತಾನೆ.

ಇವರು ಒಮ್ಮೆಯಾದರೂ ಜಗಳವಾಡಿದ್ದನ್ನು ಯಾವ ಪುಸ್ತಕವೂ ದಾಖಲಿಸಿಲ್ಲ. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕುವುದಿಲ್ಲ. ರಾಜು ಸಾಲ ಕೇಳುವುದಿಲ್ಲ, ರವಿ ಕೊಟ್ಟ ಸಾಲ ನೆನಪಿಸುವುದಿಲ್ಲ. ಅಜ್ಜ ತೀರಿಕೊಂಡ ಸುದ್ದಿ ಬಂದರೂ 'ಐ ಯಾಮ್ ಸಾರಿ ಟು ಹಿಯರ್ ದಟ್' ಅಂತ ಒಂದೇ ವಾಕ್ಯದಲ್ಲಿ ಮಣ್ಣು ಮಾಡಿ, ಮುಂದಿನ ವಾಕ್ಯದಲ್ಲಿ ರೈಲಿನ ಟೈಮಿಗೆ ಬಂದುಬಿಡುತ್ತಾರೆ. ಅವರ ಬಾಯಿಂದ ಅರ್ಧಕ್ಕೆ ನಿಂತ ವಾಕ್ಯ ಬಿದ್ದದ್ದಿಲ್ಲ. ಕರ್ತೃ ಒಬ್ಬನೇ ಬಂದರೆ ಕ್ರಿಯಾಪದ ಬಾಲಕ್ಕೆ 'ಎಸ್' ಕಟ್ಟಿಕೊಂಡೇ ಹಿಂದೆ ಬರುತ್ತದೆ.

ಅಸಲಿ ರವಿ, ಅಸಲಿ ರಾಜು ಮೆಜೆಸ್ಟಿಕ್ಕಿನಲ್ಲಿ ಸಿಕ್ಕರೆ ನಡೆಯುವ ಸಂಭಾಷಣೆ ಇಷ್ಟು: 'ಏನೋ, ಎಲ್ಲೋ?' 'ಇಲ್ಲೇ ಕಣೋ.' 'ಸರಿ, ಸಿಗೋಣ.' ಮಾಹಿತಿ ಸೊನ್ನೆ, ಸ್ನೇಹ ಭರ್ತಿ. ಹಳೆಯ ಕಾಲದವರಾದರೆ ಹೊರಟವರನ್ನು ಎಲ್ಲಿಗೆ ಅಂತ ಕೇಳುವುದೇ ಅಪಶಕುನ, 'ದೂರ ಹೊರಟ್ರಾ?' ಅನ್ನಬೇಕು. ಇದನ್ನು ಯಾರಾದರೂ ಇಂಗ್ಲಿಷಿಗೆ ತಂದು 'ಗೋಯಿಂಗ್ ಫಾರ್?' ಅಂದರೆ ಸಾಕು, ಮೇಷ್ಟರ ಜೇಬಿನಿಂದ ಕೆಂಪು ಪೆನ್ನು ತಾನಾಗಿ ಹೊರಗೆ ಬರುತ್ತದೆ.

ರವಿ-ರಾಜು ನಮ್ಮ ದೇಶದ ಸ್ವಂತ ಸಂತಾನ ಅಂತ ಹೆಮ್ಮೆಪಡುವ ಹಾಗೂ ಇಲ್ಲ. ರುಮೇನಿಯಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬಾಳಿದ ಯೂಜೀನ್ ಇಯೊನೆಸ್ಕೊ ಇಂಗ್ಲಿಷ್ ಕಲಿಯೋಣ ಅಂತ ಒಂದು ಸಂಭಾಷಣಾ ಪುಸ್ತಕ ತಂದು, ವಾಕ್ಯಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸತೊಡಗಿದ. ವಾರಕ್ಕೆ ಏಳು ದಿನ ಅನ್ನುವುದೂ ನೆಲ ಕೆಳಗಿದೆ, ಚಾವಣಿ ಮೇಲಿದೆ ಅನ್ನುವುದೂ ಅವನಿಗೆ ಆ ಪುಸ್ತಕದಿಂದ ಹೊಸದಾಗಿ ಹೊಳೆಯಿತಂತೆ. ಅದರಲ್ಲಿ ಮಿಸೆಸ್ ಸ್ಮಿತ್ ತನ್ನ ಗಂಡನಿಗೇ ತಮಗೆಷ್ಟು ಮಕ್ಕಳು, ತಮ್ಮ ಹೆಸರೇನು, ತಾವಿರುವ ಊರು ಯಾವುದು ಅಂತ ತಿಳಿಸುತ್ತಾಳೆ. ಗಂಡ ಶಾಂತವಾಗಿ ಕೇಳಿಸಿಕೊಳ್ಳುತ್ತಾನೆ. ಇಯೊನೆಸ್ಕೊಗೆ ಇಂಗ್ಲಿಷ್ ಬರಲಿಲ್ಲ, ನಾಟಕ ಬಂತು. 1950ರಲ್ಲಿ ರಂಗಕ್ಕೆ ಬಂದ 'ದ ಬಾಲ್ಡ್ ಸೊಪ್ರಾನೊ' 1957ರಿಂದ ಈಚೆಗೆ ಪ್ಯಾರಿಸ್ಸಿನ ಒಂದು ಪುಟ್ಟ ರಂಗಮಂದಿರದಲ್ಲಿ ಬಿಡಾರ ಹೂಡಿಬಿಟ್ಟಿದೆ. ಅಲ್ಲಿ ಅದಕ್ಕೆ ಅಸಂಗತ ನಾಟಕ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಮೂರನೇ ಪಾಠ ಅನ್ನುತ್ತಾರೆ.

ಪಾಠ ನಡೆಯುವ ಜಾಗಕ್ಕೆ ಬರೋಣ. ಬೆಂಗಳೂರಿನ ಯಾವ ಬಡಾವಣೆಯಾದರೂ ಸರಿ, ಕೆಳಗೆ ಅಯ್ಯಂಗಾರ್ ಬೇಕರಿ, ಮೇಲೆ ಸ್ಪೋಕನ್ ಇಂಗ್ಲಿಷ್. ಮೆಟ್ಟಿಲು ಹತ್ತುವಾಗ ಖಾರಾ ಬನ್ನಿನ ವಾಸನೆ, ಮೇಲೆ ಹೋದರೆ ಮಾರ್ಕರ್ ಪೆನ್ನಿನ ವಾಸನೆ. ಬಿಳಿ ಹಲಗೆಯ ನಡುವೆ ಒಂದು ಗೆರೆ. ಎಡಕ್ಕೆ 'ಡೋಂಟ್ ಸೇ', ಬಲಕ್ಕೆ 'ಸೇ'. ಎಡಗಡೆ ನಾವು ಹುಟ್ಟಿದಾಗಿನಿಂದ ಆಡುತ್ತಾ ಬಂದ ಇಂಗ್ಲಿಷು, ಬಲಗಡೆ ಫೀಸು ಕಟ್ಟಿದ ಮೇಲೆ ಆಡಬೇಕಾದದ್ದು. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬ್ಯಾಂಕ್ ಪರೀಕ್ಷೆಗೆ ಕೂತ ಹುಡುಗ, ಬಟ್ಟೆ ಶೋರೂಮಿನ ಹುಡುಗಿ, ಏರ್‌ಪೋರ್ಟ್ ಟ್ಯಾಕ್ಸಿಯವರು, ಮತ್ತು ಒಬ್ಬ ತಾಯಿ. ತಾಯಿಗೆ ಶನಿವಾರ ಮಗನ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇದೆ. ಹೋದ ಸಲ ಗಂಡನನ್ನು ಕಳಿಸಿ ತಪ್ಪಿಸಿಕೊಂಡಿದ್ದರು. ಗಂಡ ಹೋಗಿ ಎಲ್ಲದಕ್ಕೂ 'ಎಸ್ ಮೇಡಂ' ಅಂದು ಬಂದಿದ್ದರು. ಮಗ ಗಣಿತದಲ್ಲಿ ಫೇಲಾಗಿದ್ದಾನೆ ಅಂದಾಗಲೂ.

ಮೇಷ್ಟರು ತಾವೇ ಕ್ಲಾಸ್ ಟೀಚರ್ ಆಗಿ ಕೂತು ರಿಹರ್ಸಲ್ ಶುರು ಮಾಡಿದರು.

'ಗುಡ್ ಮಾರ್ನಿಂಗ್ ಮಿಸ್, ಮೈಸೆಲ್ಫ್ ಆದಿತ್ಯಾಸ್ ಮದರ್.'

'ಸ್ಟಾಪ್! ಮೈಸೆಲ್ಫ್ ಅನ್ನಬಾರದು. ನೇಟಿವ್ ಸ್ಪೀಕರ್ಸ್ ಮೈಸೆಲ್ಫ್ ಅನ್ನಲ್ಲ. ಮಿಸ್ ಅಂತಾನೂ ಅನ್ನಲ್ಲ.'

ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಮಕ್ಕಳು ಇವತ್ತಿಗೂ ಟೀಚರನ್ನು 'ಮಿಸ್' ಅಂತಲೇ ಕರೆಯುವುದು. ಇರಲಿ, ಮೇಷ್ಟರ ನೇಟಿವ್ ಸ್ಪೀಕರು ಬೇರೆ ಇಂಗ್ಲೆಂಡಿನವರು.

'ಮೈ ಸನ್ ಈಸ್ ನಾಟ್ ಈಟಿಂಗ್ ಟಿಫಿನ್ ವೋನ್ಲಿ ಮಿಸ್. ಡೈಲಿ ಬಾಕ್ಸ್ ಈಸ್ ಕಮಿಂಗ್ ಬ್ಯಾಕ್ ಫುಲ್.'

ಮೇಷ್ಟರು ಹಲಗೆಯ ಎಡಗಡೆ ಇಡೀ ವಾಕ್ಯವನ್ನು ಬರೆದು, ಒಂದೊಂದೇ ಪದದ ಮೇಲೆ ಅಡ್ಡಗೆರೆ ಎಳೆದು, ಬಲಗಡೆ ಹೀಗೆ ಬರೆದರು: 'ಐ ಯಾಮ್ ಅ ಬಿಟ್ ಕನ್ಸರ್ನ್ಡ್ ದಟ್ ಹಿ ಹ್ಯಾಸಂಟ್ ಬೀನ್ ಫಿನಿಶಿಂಗ್ ಹಿಸ್ ಲಂಚ್.'

ತಾಯಿ ಓದಿದರು. ಎರಡನೇ ಸಲ ಬಾಯಿಯೊಳಗೇ ಓದಿದರು. ಆಮೇಲೆ ಕೈ ಎತ್ತಿದರು.

'ಬಿಟ್ ಅಂದ್ರೆ ಸ್ವಲ್ಪ ಅಲ್ವಾ ಸಾರ್? ನನಗೆ ತುಂಬಾನೇ ಚಿಂತೆ ಆಗಿದೆ.'

'ನೇಟಿವ್ ಸ್ಪೀಕರ್ಸ್ ಎಷ್ಟೇ ಚಿಂತೆ ಇದ್ರೂ ಬಿಟ್ ಅಂತಾನೇ ಹೇಳೋದಮ್ಮ. ಅದೇ ನ್ಯಾಚುರಲ್.'

ಮಗ ಮೂರು ದಿನದಿಂದ ಚಿತ್ರಾನ್ನ ಮುಟ್ಟಿಲ್ಲ ಅನ್ನುವ ಸಂಕಟವನ್ನು ಒಂದು ಬಿಟ್ಟಿನಷ್ಟಕ್ಕೆ ಕುಗ್ಗಿಸಿ, ಕೆಳಗೆ ಬೇಕರಿಯಲ್ಲಿ ಅದೇ ಮಗನಿಗೆ ಎರಡು ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಆಕೆ ಮನೆಗೆ ಹೋದರು.

ಈಗ ಶನಿವಾರವನ್ನು ಊಹಿಸಿ. ಮೇಜಿನ ಆ ಕಡೆ ಕೂತಿರುವ ಮಿಸ್ಸು ಲಂಡನ್ನಿನಿಂದ ಇಳಿದು ಬಂದವರಲ್ಲ. ತುಮಕೂರಿನವರೋ ಚನ್ನಪಟ್ಟಣದವರೋ ಇರಬೇಕು, ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುವವರು. 'ಯುವರ್ ಸನ್ ಈಸ್ ವೆರಿ ಟಾಕೆಟಿವ್ ಮಾ. ನಾಟ್ ಲಿಸನಿಂಗ್ ವೋನ್ಲಿ. ಅಟ್ ಹೋಮ್ ಯು ಟಾಕ್ ಟು ಹಿಮ್ ಇಂಗ್ಲಿಷ್ ವೋನ್ಲಿ' ಅಂತ ಅವರು ಶುರು ಮಾಡುವ ಹೊತ್ತಿಗೆ ಈ ತಾಯಿ 'ಐ ಯಾಮ್ ಅ ಬಿಟ್ ಕನ್ಸರ್ನ್ಡ್' ಅಂದುಬಿಟ್ಟರೆ ಮಿಸ್ಸಿಗೆ ಜಂಘಾಬಲ ಉಡುಗುತ್ತದೆ. ಇವರ ಯಜಮಾನರು ಫಾರಿನ್‌ನಲ್ಲಿದ್ದಾರೇನೋ, ಕಂಪ್ಲೇಂಟ್ ಕೊಡಲು ಬಂದಿದ್ದಾರೇನೋ ಅಂತ ಗಾಬರಿ. ಮುಂದಿನ ಬ್ಯಾಚಿಗೆ ಬೇಕರಿ ಮೇಲಿನ ಕ್ಲಾಸಿಗೆ ಮಿಸ್ಸೂ ಸೇರುತ್ತಾರೆ. ಇಬ್ಬರು ಕನ್ನಡದ ಹೆಂಗಸರು ಒಂದು ಕನ್ನಡದ ಹುಡುಗನ ಊಟದ ಡಬ್ಬಿಯ ಬಗ್ಗೆ ಮಾತಾಡುವುದಕ್ಕೆ ಇಬ್ಬರೂ ಫೀಸು ಕಟ್ಟುವ ಈ ಏರ್ಪಾಟನ್ನು ಕಂಡುಹಿಡಿದವರಿಗೆ ಅರ್ಥಶಾಸ್ತ್ರದಲ್ಲಿ ದೊಡ್ಡದೊಂದು ಬಹುಮಾನ ಬಾಕಿ ಇದೆ.

ಇದು ಬಡಾವಣೆ ಮಟ್ಟದ ವ್ಯವಹಾರ. ಮೇಲ್ಮಟ್ಟದಲ್ಲಿ ಇದಕ್ಕೆ ವೈದ್ಯಕೀಯ ಘನತೆ ಬಂದಿದೆ. ಕಾಲ್ ಸೆಂಟರುಗಳು ಬೆಂಗಳೂರಿಗೆ ಬಂದ ಕಾಲದಿಂದ ಒಂದು ರೋಗ ಪತ್ತೆಯಾಗಿದೆ: ಎಂಟಿಐ. ಮದರ್ ಟಂಗ್ ಇನ್‌ಫ್ಲುಯೆನ್ಸ್. ಇಂಟರ್‌ವ್ಯೂಗೆ ಹೋದ ಹುಡುಗನಿಗೆ ಎಚ್ಆರ್‌ನವರು 'ಸ್ಕಿಲ್ಸ್ ಗುಡ್, ಬಟ್ ಹೆವಿ ಎಂಟಿಐ' ಅಂದರೆ, ಮನೆಯವರು ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಬೇಕೇ ಅಂತ ಯೋಚಿಸುತ್ತಾರೆ. ರೋಗಲಕ್ಷಣಗಳು ಸ್ಪಷ್ಟ. ಕನ್ನಡಿಗ ರೋಗಿಯ ಬಾಯಲ್ಲಿ ಎಗ್ಗು ಯೆಗ್ಗಾಗುತ್ತದೆ, ಓನ್ಲಿ ವೋನ್ಲಿಯಾಗುತ್ತದೆ. ಬಸ್ ಅನ್ನುವಲ್ಲಿಗೆ ನಿಲ್ಲಲಾರದೆ ಬಸ್ಸು ಅನ್ನುತ್ತಾನೆ, ಏಕೆಂದರೆ ಅವನ ಭಾಷೆಯಲ್ಲಿ ಮಾತು ಸ್ವರದ ಮೇಲೆ ಬಂದು ಕೂರುವುದು ರೂಢಿ. ಚಿಕಿತ್ಸೆಯ ಹೆಸರು ಆ್ಯಕ್ಸೆಂಟ್ ನ್ಯೂಟ್ರಲೈಸೇಷನ್. ಹೆಸರು ಕೇಳಿದರೆ ಹೊಟ್ಟೆಯ ಆ್ಯಸಿಡ್ಡಿಗೆ ಕೊಡುವ ಔಷಧಿ ಅನಿಸುತ್ತದೆ. ಫ್ರಾನ್ಸಿನವನು ಇಂಗ್ಲಿಷನ್ನು ಮೂಗಿನಲ್ಲಿ ಆಡಿದರೆ ಅದು ಮೋಹಕ, ಇಟಲಿಯವನು ಕೈ ಬೀಸಿ ಹಾಡಿದರೆ ಅದು ಜೀವಂತಿಕೆ. ಚಿಂತಾಮಣಿಯವನು ವೋನ್ಲಿ ಅಂದರೆ ಮಾತ್ರ ಅದು ಎಂಟಿಐ. ಅಪ್ಪನಿಂದ ಬಂದದ್ದಕ್ಕೆ ಆಸ್ತಿ ಅನ್ನುತ್ತೇವೆ, ಅಮ್ಮನಿಂದ ಬಂದದ್ದಕ್ಕೆ ಎಂಟಿಐ ಅನ್ನುತ್ತೇವೆ.

ಸರಿ, ಉಚ್ಚಾರ ಬಿಡಿ, ವ್ಯಾಕರಣಕ್ಕಾದರೂ ಒಂದು ಮರ್ಯಾದೆ ಬೇಡವೇ ಅಂತ ಕೇಳುವವರಿದ್ದಾರೆ. ಖಂಡಿತ ಬೇಕು. ಆದರೆ ಆ ಮರ್ಯಾದೆಯ ವಂಶಾವಳಿ ಸ್ವಲ್ಪ ನೋಡಿ. ನಮ್ಮ ಹೈಸ್ಕೂಲಿನಲ್ಲಿ 'ಐ ಶ್ಯಲ್, ಯು ವಿಲ್, ಹಿ ವಿಲ್' ಅಂತ ಮಗ್ಗಿಯ ಹಾಗೆ ಉರುಹೊಡೆಸುತ್ತಿದ್ದರು. ಈ ನಿಯಮವನ್ನು 1653ರಲ್ಲಿ ಬರೆದಿಟ್ಟವನು ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್. ಅನಂತಕ್ಕೆ ಮಲಗಿದ ಎಂಟರ ಚಿಹ್ನೆ ಕೊಟ್ಟ ಅದೇ ಪುಣ್ಯಾತ್ಮ. ಇಂಗ್ಲಿಷ್ ವ್ಯಾಕರಣವನ್ನು ಅವನು ಬರೆದದ್ದು ಲ್ಯಾಟಿನ್‌ನಲ್ಲಿ, ಅದೂ ಇಂಗ್ಲಿಷ್ ಕಲಿಯಲು ಬಯಸುವ ಪರದೇಶಿಗಳಿಗೆ ಅನುಕೂಲವಾಗಲಿ ಅಂತ. ಇಂಗ್ಲೆಂಡಿನವರು ಆ ನಿಯಮವನ್ನು ಯಾವತ್ತೋ ಕೈಬಿಟ್ಟು 'ಐ'ಲ್' ಅಂತ ನುಂಗಿಕೊಂಡು ಓಡಾಡುತ್ತಿದ್ದಾರೆ. ಪರದೇಶಿಗಳಾದ ನಾವು ನಿಯತ್ತಾಗಿ ಕಾಪಾಡಿಕೊಂಡು ಬಂದೆವು.

ಕಾಪಾಡಿಕೊಂಡದ್ದು ರೆನ್ ಅಂಡ್ ಮಾರ್ಟಿನ್ ಅನ್ನುವ ಕೆಂಪು ರಟ್ಟಿನ ಸಂಹಿತೆಯ ಮೂಲಕ. ಈ ಪಿ.ಸಿ. ರೆನ್ ಮಹಾಶಯ ಬ್ರಿಟಿಷರ ಕಾಲದಲ್ಲಿ ಇಲ್ಲಿನ ಶಿಕ್ಷಣ ಇಲಾಖೆಯಲ್ಲಿದ್ದವರು. ಊರಿಗೆ ಮರಳಿದ ಮೇಲೆ ಫ್ರೆಂಚ್ ಫಾರಿನ್ ಲೀಜನ್ನಿನ ಸೈನಿಕರ ಮೇಲೆ 'ಬೋ ಜೆಸ್ಟ್' ಅನ್ನುವ ಸಾಹಸ ಕಾದಂಬರಿ ಬರೆದು 1924ರಲ್ಲಿ ಜಗತ್ಪ್ರಸಿದ್ಧರಾದರು. ಅವರ ದೇಶದವರಿಗೆ ರೆನ್ ಅಂದರೆ ಮರಳುಗಾಡು, ಬಂದೂಕು, ಸಿನಿಮಾ. ನಮಗೆ ರೆನ್ ಅಂದರೆ ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ರೋಚಕ ಕಥೆ ಅಲ್ಲೇ ಉಳಿಸಿಕೊಂಡು ಕರ್ಮಣಿ ಪ್ರಯೋಗವನ್ನು ನಮಗೆ ಕಳಿಸಿದರು.

ಅಲ್ಲಿನವರ ವ್ಯಾಕರಣ ಜ್ಞಾನ ಎಷ್ಟು ಅಂತ 2016ರ ಮೇ ತಿಂಗಳಲ್ಲಿ ಒಂದು ಬಹಿರಂಗ ಪರೀಕ್ಷೆಯಾಯಿತು. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಕಠಿಣ ವ್ಯಾಕರಣ ಪರೀಕ್ಷೆ ಇಟ್ಟ ಬ್ರಿಟನ್ ಸರ್ಕಾರದ ಶಾಲಾ ಸಚಿವ ನಿಕ್ ಗಿಬ್ ಅದನ್ನು ಸಮರ್ಥಿಸಲು ಬಿಬಿಸಿ ರೇಡಿಯೊಗೆ ಬಂದರು. ನಿರೂಪಕಿ ಒಂದು ವಾಕ್ಯ ಓದಿ, ಇದರಲ್ಲಿ 'ಆಫ್ಟರ್' ಅನ್ನುವುದು ಪ್ರಿಪೊಸಿಷನ್ನೋ ಕನ್‌ಜಂಕ್ಷನ್ನೋ ಅಂತ ಕೇಳಿದರು. ಸಚಿವರು ಪ್ರಿಪೊಸಿಷನ್ ಅಂದರು. ತಪ್ಪು. ವಿಷಯ ನನ್ನದಲ್ಲ, ಮಕ್ಕಳದು, ನನಗೆ ಪ್ರೈಮರಿಯಲ್ಲಿ ಗ್ರಾಮರ್ ಹೇಳಿಕೊಡಲಿಲ್ಲ ಅಂತ ಸಮಜಾಯಿಷಿ ಬಂತು. ನಮ್ಮ ಬೇಕರಿ ಮೇಲಿನ ಬ್ಯಾಂಕ್ ಪರೀಕ್ಷೆಯ ಹುಡುಗನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ 'ಸಬಾರ್ಡಿನೇಟಿಂಗ್ ಕನ್‌ಜಂಕ್ಷನ್ ಸಾರ್' ಅಂದಿರುತ್ತಿದ್ದ. ಆದರೆ ಅವನನ್ನು ಬಿಬಿಸಿ ಕರೆಯುವುದಿಲ್ಲ. ಕರೆದರೆ ಎಂಟಿಐ ಇದೆ.

ಅದರ ಮರುವರ್ಷ ಇನ್ನೊಂದು ತಮಾಷೆ. ಆಸ್ಟ್ರೇಲಿಯಾದಲ್ಲಿ ನೆಲೆಸಲು ಬಯಸಿದ ಐರ್ಲೆಂಡಿನ ಒಬ್ಬ ಪಶುವೈದ್ಯೆ ಕಂಪ್ಯೂಟರ್ ನಡೆಸುವ ಇಂಗ್ಲಿಷ್ ಪರೀಕ್ಷೆಗೆ ಕೂತರು. ಹುಟ್ಟಿದಾಗಿನಿಂದ ಆಡಿದ್ದು ಇಂಗ್ಲಿಷೇ, ಕೈಯಲ್ಲಿ ಎರಡು ಡಿಗ್ರಿ. ಮಾತಾಡುವ ಭಾಗದಲ್ಲಿ ಬೇಕಾದದ್ದು 79 ಅಂಕ, ಯಂತ್ರ ಕೊಟ್ಟದ್ದು 74. ಸಾಕ್ಷಾತ್ ನೇಟಿವ್ ಸ್ಪೀಕರೇ ನೇಟಿವ್ ಸ್ಪೀಕರಿನಂತೆ ಮಾತಾಡುವುದಿಲ್ಲ ಅಂತ ತೀರ್ಪಾಯಿತು. ಬೇಕರಿ ಮೇಲೆ ಒಂದು ಕುರ್ಚಿ ಖಾಲಿ ಇದೆ, ಬರುವುದಾದರೆ ಬರಲಿ.

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುವ ಗಾದೆ ಇಂಗ್ಲಿಷ್ ವ್ಯಾಕರಣಕ್ಕೆ ಅಂತಲೇ ಹುಟ್ಟಿದ್ದಿರಬೇಕು. 'ಲವ್', 'ನೋ', 'ಹ್ಯಾವ್' ಇವೆಲ್ಲ ಸ್ಥಿತಿ ಹೇಳುವ ಕ್ರಿಯಾಪದಗಳು, ಇವಕ್ಕೆ 'ಇಂಗ್' ಹಚ್ಚಬಾರದು ಅಂತ ಮೇಷ್ಟರು ಎಷ್ಟು ಬಡಿದುಕೊಂಡರೂ ನಮ್ಮ ಹುಡುಗರು 'ಐ ಯಾಮ್ ಹ್ಯಾವಿಂಗ್ ಅ ಡೌಟ್ ಸಾರ್' ಅನ್ನುವುದನ್ನು ಬಿಡಲಿಲ್ಲ. 2003ರಲ್ಲಿ ಮೆಕ್‌ಡೊನಾಲ್ಡ್ಸ್ 'ಐಯಾಮ್ ಲವಿನ್ ಇಟ್' ಅಂತ ಊರೂರಿಗೆ ಬೋರ್ಡು ಹಾಕಿತು. ಆ ಘೋಷಣೆ ಹೊಸೆದದ್ದು ಜರ್ಮನಿಯ ಜಾಹೀರಾತು ಕಂಪನಿ. ಜರ್ಮನರು ಸೊಸೆಯಂದಿರಾಗಿಯೇ ಬಂದರೂ ದೊಡ್ಡ ಮನೆಯ ಸೊಸೆಯರು, ಅವರಿಗೆ ರಿಯಾಯಿತಿ. ಮೇಷ್ಟರು ಆ ಬೋರ್ಡಿನ ಕೆಳಗೇ ನಿಂತು ಫ್ರೆಂಚ್ ಫ್ರೈಸ್ ತಿಂದರು, ಕೆಂಪು ಪೆನ್ನು ಜೇಬಿನಲ್ಲೇ ಇತ್ತು.

'ಪ್ರಿಪೋನ್' ಕತೆ ಇನ್ನೂ ಚೆಂದ. ಇದು ಭಾರತೀಯರು ಹುಟ್ಟಿಸಿದ ಕೂಸು, ಸಭ್ಯರು ಬಳಸಬಾರದು ಅಂತ 'ಡೋಂಟ್ ಸೇ' ಪಟ್ಟಿಯಲ್ಲಿ ಇದಕ್ಕೆ ಕಾಯಂ ಸ್ಥಾನ. ಆಕ್ಸ್‌ಫರ್ಡ್ ನಿಘಂಟು ಹುಡುಕಿಕೊಂಡು ಹೋದಾಗ, 1913ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬಂದ ಓದುಗರ ಪತ್ರವೊಂದರಲ್ಲಿ ಇದೇ ಪದ ಇದೇ ಅರ್ಥದಲ್ಲಿ ಸಿಕ್ಕಿತು. ಅಮೆರಿಕದವರು ಹುಟ್ಟಿಸಿ ಬಿಟ್ಟುಹೋದದ್ದನ್ನು ನಾವು ಸಾಕಿ ದೊಡ್ಡದು ಮಾಡಿದೆವು ಅಂತಾಯಿತು. 'ಡೂ ದ ನೀಡ್‌ಫುಲ್' ಕೂಡ ಹಾಗೇ, ಕಂಪನಿ ಸರ್ಕಾರದ ದೊರೆಗಳು ತಾವೇ ಬರೆದು, ಬರೆದು, ಹೋಗುವಾಗ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಮರೆತು ಹೋದದ್ದು. ಈಗ ಅವರ ಮೊಮ್ಮಕ್ಕಳು ಇದನ್ನು ಓದಿ ನಗುತ್ತಾರೆ.

ನಗುವವರಲ್ಲಿ ನಮ್ಮವರೂ ಇದ್ದಾರೆ. ನಿಸ್ಸಿಂ ಇಝೆಕಿಯಲ್ 1970ರ ದಶಕದಲ್ಲಿ ಬರೆದ, ಮಿಸ್ ಪುಷ್ಪ ಅವರ ಬೀಳ್ಕೊಡುಗೆ ಭಾಷಣದ ಕವನ ಎಷ್ಟೋ ಕಾಲೇಜುಗಳಿಗೆ ಪಠ್ಯ. ಇಡೀ ಕವನ 'ಇಂಗ್' ಹಚ್ಚಿದ ದೇಸಿ ಇಂಗ್ಲಿಷಿನಲ್ಲಿದೆ. ತರಗತಿ ಗೊಳ್ಳೆಂದು ನಗುತ್ತದೆ. ನಕ್ಕು ಮುಗಿಸಿದ ಹುಡುಗ ಎದ್ದು ನಿಂತು 'ಸಾರ್, ಪುಷ್ಪ ಮಿಸ್ ಈಸ್ ಗೋಯಿಂಗ್ ವೇರ್ ಸಾರ್?' ಅಂತ ಕೇಳುತ್ತಾನೆ. ಕೈಲಾಸಂ ಇದ್ದಿದ್ದರೆ ಈ ತರಗತಿಯನ್ನು ಹಾಗೇ ಎತ್ತಿ ರಂಗದ ಮೇಲೆ ಇಡುತ್ತಿದ್ದರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಮನುಷ್ಯ, ಬೇಕಿದ್ದರೆ ಪಾತ್ರಗಳ ಬಾಯಲ್ಲಿ ಸೊಗಸಾದ ಇಂಗ್ಲಿಷ್ ಆಡಿಸಬಹುದಿತ್ತು. ಬೆಂಗಳೂರಿನ ಮನೆಗಳಲ್ಲಿ ಜನ ಆಡುತ್ತಿದ್ದ ಕನ್ನಡ-ಇಂಗ್ಲಿಷ್ ಕಲಸುಮೇಲೋಗರವನ್ನೇ ಬರೆದರು. ಅವರ ಪಾತ್ರಗಳಿಗೆ 'ಡೋಂಟ್ ಸೇ' ಅಂದವರಿಲ್ಲ. ಅಂದಿದ್ದರೆ ಅವರೂ ಒಂದು ಪಾತ್ರವಾಗುತ್ತಿದ್ದರು.

ಈಗ ಆ ನೇಟಿವ್ ಸ್ಪೀಕರು ಎಂಬ ಮಹಾನುಭಾವರ ವಿಚಾರಕ್ಕೆ ಬರೋಣ. 2011ರ ಜನಗಣತಿಯಲ್ಲಿ ಇಂಗ್ಲಿಷ್ ನನ್ನ ತಾಯ್ನುಡಿ ಅಂತ ಬರೆಸಿದವರು ಇಡೀ ದೇಶದಲ್ಲಿ ಸುಮಾರು 2 ಲಕ್ಷ 60 ಸಾವಿರ. ಎರಡನೆಯದೋ ಮೂರನೆಯದೋ ಭಾಷೆಯಾಗಿ ಬರುತ್ತದೆ ಅಂದವರನ್ನೂ ಕೂಡಿಸಿದರೆ ಸುಮಾರು 12 ಕೋಟಿ 90 ಲಕ್ಷ. ಅಂದರೆ ಈ ದೇಶದಲ್ಲಿ ಇಂಗ್ಲಿಷ್ ಆಡುವವನು ಬಾಯಿ ತೆರೆದಾಗ ಎದುರಿಗಿರುವುದು ಹೆಚ್ಚೂಕಡಿಮೆ ಯಾವಾಗಲೂ ತನ್ನಂತೆಯೇ ಕಲಿತು ಆಡುವ ಇನ್ನೊಬ್ಬ. ಹುಬ್ಬಳ್ಳಿಯವನು ಮಧುರೈಯವನ ಜೊತೆ, ಮಂಗಳೂರಿನವಳು ಪಾಟ್ನಾದವಳ ಜೊತೆ. ಅವರವರಿಗೆ 'ಔಟ್ ಆಫ್ ಸ್ಟೇಷನ್' ಅರ್ಥವಾಗುತ್ತದೆ, 'ಕಸಿನ್ ಬ್ರದರ್' ಅರ್ಥವಾಗುತ್ತದೆ, 'ಊಟ ಆಯ್ತಾ' ಅನ್ನುವುದನ್ನು 'ಲಂಚ್ ಓವರ್?' ಅಂದರೆ ಹೊಟ್ಟೆಗೂ ಅರ್ಥವಾಗುತ್ತದೆ. ತೊಡಕಿರುವುದು ಆ ಸಂಭಾಷಣೆಯ ಪಕ್ಕದಲ್ಲಿ ಖಾಲಿ ಕುರ್ಚಿ ಹಾಕಿ ಕಾಯುವ ತಿದ್ದುಗಾರರಿಗೆ. ಬಾರದ ಬೀಗರಿಗೆ ಎಲೆ ಹಾಕಿ, ಅವರು ಬರುವ ತನಕ ಮನೆಮಂದಿ ಯಾರೂ ತುತ್ತು ಎತ್ತಬಾರದು ಅಂದ ಹಾಗಾಯಿತು.

ಬೀಗರು ಒಮ್ಮೊಮ್ಮೆ ಬರುತ್ತಾರೆ, ಇಲ್ಲವೆನ್ನಲಾರೆ. ಬಂದು ಜಯನಗರದ ದರ್ಶಿನಿಯಲ್ಲಿ ನಿಂತು, ಮೊಬೈಲ್ ಕ್ಯಾಮೆರಾ ಮುಂದೆ 'ನಾನು ಮಸಾಲೆ ದೋಸೆ ತಿನ್ನುತ್ತಾನೆ, ತುಂಬಾ ಚೆನ್ನಾಗಿದ್ದಾರೆ' ಅನ್ನುತ್ತಾರೆ. ಕರ್ತೃ ಒಂದು ಕಡೆ, ಕ್ರಿಯಾಪದ ಒಂದು ಕಡೆ. ದೋಸೆಗೆ ಬಹುವಚನದ ಗೌರವ ಬೇರೆ. ನಾವು ತಿದ್ದುತ್ತೇವೆಯೇ? ಕಣ್ಣಲ್ಲಿ ನೀರು ತಂದುಕೊಂಡು 'ನಮ್ಮ ಕನ್ನಡ ಕಲ್ತಿದ್ದಾರೆ ನೋಡ್ರೀ' ಅಂತ ಇಡೀ ಕುಟುಂಬದ ಗ್ರೂಪಿಗೆ ಫಾರ್ವರ್ಡ್ ಮಾಡುತ್ತೇವೆ. ಅದೇ ದರ್ಶಿನಿಯಲ್ಲಿ ಟೇಬಲ್ ಒರೆಸುವ ಉತ್ತರ ಭಾರತದ ಹುಡುಗ ಇದಕ್ಕಿಂತ ನೂರು ಪಾಲು ನೆಟ್ಟಗೆ 'ಸಾರ್, ಇನ್ನೇನ್ ಬೇಕು?' ಅಂದರೆ ತಲೆ ಎತ್ತಿ ನೋಡುವುದಿಲ್ಲ. ತಪ್ಪು ಅಂತ ಅನಿಸುವುದಕ್ಕೆ ವ್ಯಾಕರಣವೊಂದೇ ಸಾಲದು, ಆಡಿದವನ ಚಪ್ಪಲಿಯನ್ನೂ ನೋಡಬೇಕಾಗುತ್ತದೆ.

ಕಪಿಲ್ ದೇವ್ ಇದಕ್ಕೆ ಒಳ್ಳೆಯ ಉದಾಹರಣೆ. ಅವರ ಇಂಗ್ಲಿಷನ್ನು ಕಾನ್ವೆಂಟಿನಲ್ಲಿ ಓದಿದವರು ಆಡಿಕೊಂಡು ನಕ್ಕದ್ದು ಉಂಟು. 1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ, ಅಂದರೆ ನೇಟಿವ್ ಸ್ಪೀಕರುಗಳ ಗರ್ಭಗುಡಿಯಲ್ಲೇ, ಆ ಮನುಷ್ಯ ವಿಶ್ವಕಪ್ ಎತ್ತಿದರು. ಆಮೇಲೆ ರಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸಿನ ಜಾಹೀರಾತಿನಲ್ಲಿ ಅವರದೇ ಮುಖ. ಊರೂರಿನ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಅದನ್ನು ಕೊಂಡ ಹುಡುಗರು 60 ದಿನದಲ್ಲಿ ಇಂಗ್ಲಿಷ್ ಬರುತ್ತದೆ ಅಂತ ನಂಬಿದ್ದರು. ಬಂದಿತೋ ಇಲ್ಲವೋ, ಇಂಗ್ಲಿಷ್ ತಡವರಿಸಿದರೂ ಕಪ್ ಬರುತ್ತದೆ ಅನ್ನುವ ಅಸಲಿ ಪಾಠ ರಟ್ಟಿನ ಮೇಲೇ ಇತ್ತು. ಒಳಗಿನ ಪುಟಗಳನ್ನು ಓದುವ ಭರದಲ್ಲಿ ಅದನ್ನು ಯಾರೂ ಓದಲಿಲ್ಲ.

ಈಗ ಆ ಪುಸ್ತಕದ ಜಾಗಕ್ಕೆ ಮೊಬೈಲ್ ಬಂದಿದೆ. ಬೆಳಿಗ್ಗೆ ಎದ್ದು ರೀಲ್ಸ್ ನೋಡಿದರೆ ಒಬ್ಬ ತರುಣಿ ಬೆರಳಾಡಿಸುತ್ತಾ 'ಐ ಯಾಮ್ ಫೈನ್ ಅನ್ನೋದು ನಿಲ್ಲಿಸಿ! ನೇಟಿವ್ಸ್ ಹಾಗನ್ನಲ್ಲ' ಅಂತ ಗದರುತ್ತಾಳೆ. ರವಿ-ರಾಜು ಅಷ್ಟು ವರ್ಷ ಫೈನಾಗಿದ್ದದ್ದು ದಂಡ. ಇದಾದ ಮೇಲೆ ಬಂದದ್ದು ಎಐ. ಏನನ್ನು ಬರೆದರೂ 'ಇದನ್ನು ನ್ಯಾಚುರಲ್ ಮಾಡಲೇ?' ಅಂತ ಪಕ್ಕದಲ್ಲಿ ಒಂದು ಗುಂಡಿ ಮಿನುಗುತ್ತದೆ. ಅಪಾರ್ಟ್‌ಮೆಂಟುಗಳ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಮೊದಲು 'ವಾಟರ್ ನಾಟ್ ಕಮಿಂಗ್ ಸಿನ್ಸ್ ಮಾರ್ನಿಂಗ್, ಪ್ಲೀಸ್ ಚೆಕ್' ಅಂತ ಬರುತ್ತಿತ್ತು. ಏಳು ಪದ, ಒಂದು ದೂರು, ಮುಗಿಯಿತು. ಈಗ ಅದೇ ನಿವಾಸಿ ಗುಂಡಿ ಒತ್ತಿ, 'ಐ ಹೋಪ್ ಎವ್ರಿವನ್ ಈಸ್ ಡೂಯಿಂಗ್ ವೆಲ್. ಐ ಜಸ್ಟ್ ವಾಂಟೆಡ್ ಟು ಜೆಂಟ್ಲಿ ಫ್ಲ್ಯಾಗ್' ಅಂತ ಶುರು ಮಾಡಿ ಮೂರು ಪ್ಯಾರಾ ನೀರಿಲ್ಲದ ಪತ್ರ ಕಳಿಸುತ್ತಾರೆ. ಸೆಕ್ರೆಟರಿ ತಮ್ಮ ಗುಂಡಿ ಒತ್ತಿ, 'ಥ್ಯಾಂಕ್ ಯು ಫಾರ್ ಬ್ರಿಂಗಿಂಗ್ ದಿಸ್ ಟು ಅವರ್ ಅಟೆನ್ಷನ್, ವಿ ಟ್ರೂಲಿ ಅಪ್ರಿಷಿಯೇಟ್' ಅಂತ ನಾಲ್ಕು ಪ್ಯಾರಾ ಉತ್ತರಿಸುತ್ತಾರೆ. ಎರಡು ಯಂತ್ರಗಳು ಪರಸ್ಪರ ಕ್ಷೇಮ ಸಮಾಚಾರ ವಿಚಾರಿಸಿಕೊಳ್ಳುತ್ತಿರುವಾಗ ಮೂರನೇ ಮಹಡಿಯ ಅಜ್ಜಿ ಬಾಲ್ಕನಿಗೆ ಬಂದು 'ಏ ಸಿದ್ದಣ್ಣಾ, ಮೋಟ್ರು ಹಾಕಪ್ಪಾ!' ಅಂತ ಕೂಗುತ್ತಾರೆ. ನೀರು ಬರುತ್ತದೆ. ಸೆಕ್ರೆಟರಿ ಗ್ರೂಪಿನಲ್ಲಿ 'ಗ್ಲ್ಯಾಡ್ ವಿ ಕುಡ್ ರಿಸಾಲ್ವ್ ದಿಸ್ ಟುಗೆದರ್' ಅಂತ ಬರೆಯುತ್ತಾರೆ.

ಇಷ್ಟೆಲ್ಲ ಆದ ಮೇಲೆ ಬೇಕರಿ ಮೇಲಿನ ಕ್ಲಾಸು ಮುಚ್ಚಿರಬೇಕು ಅಂದುಕೊಂಡಿರಾ? ವಿಸ್ತರಣೆಯಾಗಿದೆ. ಬೇಸಿಕ್ ಬ್ಯಾಚಿನಲ್ಲಿ 'ಐ ಯಾಮ್ ಗೋಯಿಂಗ್ ಟು', 'ಐ ವಾಂಟ್ ಟು' ಅಂತ ಬಿಡಿಸಿ ಬಿಡಿಸಿ ನೆಟ್ಟಗೆ ಆಡುವುದನ್ನು ಕಲಿಸುತ್ತಾರೆ. ಅದು ಮುಗಿದ ಮೇಲೆ ಅಡ್ವಾನ್ಸ್ ಬ್ಯಾಚು. ಅಲ್ಲಿ ಹಿಂದಿನ ಬ್ಯಾಚಿನಲ್ಲಿ ಕಲಿತದ್ದನ್ನೆಲ್ಲ ಮರೆಸಿ 'ಗೊನ್ನ', 'ವಾನ್ನ', 'ಗಾಟ್ಟ' ಕಲಿಸುತ್ತಾರೆ. ಫೀಸು ಬೇರೆ, ಜಿಎಸ್‌ಟಿ ಬೇರೆ. ತಪ್ಪಿಲ್ಲದೆ ಆಡುವುದಕ್ಕೆ ಒಂದು ದರ, ತಪ್ಪಾಗಿ ಆಡುವುದಕ್ಕೆ ಅದರ ಮೇಲೆ ಇನ್ನೊಂದು ದರ.

ಬ್ಯಾಂಕ್ ಪರೀಕ್ಷೆಯ ಹುಡುಗ ಮೊದಲ ದಿನವೇ ಕೈ ಎತ್ತಿದ.

'ಸಾರ್, ಐ ಯಾಮ್ ಹ್ಯಾವಿಂಗ್ ಅ ಡೌಟ್. ಪೇಪರಲ್ಲಿ ಗೊನ್ನ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?'

'ಬರೀಬಾರದು ಕಣಪ್ಪಾ. ಅದು ಮಾತಾಡೋದಕ್ಕೆ ಮಾತ್ರ.'

'ಯಾರ ಹತ್ರ ಸಾರ್?'

ಮೇಷ್ಟರು ಮಾರ್ಕರ್ ಪೆನ್ನಿನ ಮುಚ್ಚಳ ಹಾಕಿದರು.

'ಅದು ಸೂಪರ್ ಅಡ್ವಾನ್ಸ್ ಬ್ಯಾಚಲ್ಲಿ ಬರುತ್ತೆ.'